ದಡದಲ್ಲಿ ಕೊಳೆಯುವ ದೋಣಿ

ದೋಣಿಗೆ ಅಪಾಯವಿರುವುದು ನೀರಿನಲ್ಲಿ, ದಡ ಸೇರಿತೆಂದರೆ ಅದು ಸುರಕ್ಷಿತ ಎಂಬುದು ನಮ್ಮೆಲ್ಲರ ಸಾಮಾನ್ಯ ತಿಳಿವಳಿಕೆ. ಕರಾವಳಿಯ ಅಳಿವೆಗಳ ಬದಿಯಲ್ಲಿ, ಸೇತುವೆ ಬಂದ ಮೇಲೆ ನಿಂತುಹೋದ ಕಡವುಗಳ ಇಳಿಜಾರಿನಲ್ಲಿ ಅನಾಥವಾಗಿ ಬಿದ್ದಿರುವ ದೋಣಿಗಳನ್ನು ಕಂಡವರಿಗೆ ಈ ತಿಳಿವಳಿಕೆ ಅರ್ಧಸತ್ಯವೆಂದು ಹೊಳೆಯದಿರದು. ಅಲೆಯ ಹೊಡೆತವನ್ನು ವರ್ಷಗಟ್ಟಲೆ ತಾಳಿಕೊಂಡ ದೋಣಿಯೂ ದಡದ ಮೇಲೆ ಕೆಲವು ಬೇಸಿಗೆ, ಕೆಲವು ಮಳೆಗಾಲ ಹೊದಿಕೆಯಿಲ್ಲದೆ ಬಿದ್ದರೆ ಹಲಗೆ ಬಿರಿದು, ಮೊಳೆ ತುಕ್ಕು ಹಿಡಿದು, ಒಳಗೆ ಪಾಚಿ ಬೆಳೆದು, ಕೊನೆಗೆ ಸೌದೆಗೂ ಒದಗದ ಸ್ಥಿತಿಗೆ ಬರುತ್ತದೆ. ಬಿರುಗಾಳಿಗೆ ಸಿಕ್ಕಿ ಒಡೆದ ದೋಣಿಗಾಗಿ ಊರೆಲ್ಲ ಮರುಗುತ್ತದೆ. ಒಡೆಯನ ಅಲಕ್ಷ್ಯದಿಂದ ದಿನದಿನವೂ ಕೊಳೆಯುವ ದೋಣಿಯ ಕಡೆಗೆ ಯಾರೂ ತಿರುಗಿ ನೋಡುವುದಿಲ್ಲ. ಈ ಅಲಕ್ಷ್ಯಕ್ಕೆ ಜೈನಧರ್ಮವು ಒಂದು ಖಚಿತವಾದ ಹೆಸರನ್ನಿಟ್ಟಿದೆ: ಪ್ರಮಾದ.

ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಕರ್ಮಬಂಧಕ್ಕೆ ಐದು ಕಾರಣಗಳನ್ನು ಎಣಿಸುತ್ತಾರೆ. ಮಿಥ್ಯಾತ್ವ, ಅವಿರತಿ, ಪ್ರಮಾದ, ಕಷಾಯ ಮತ್ತು ಯೋಗ ಎಂಬ ಈ ಐದರ ನಟ್ಟನಡುವೆ ಪ್ರಮಾದ ಕುಳಿತಿದೆ. ತಪ್ಪು ನಂಬಿಕೆಯನ್ನು ತಿದ್ದಿಕೊಂಡವನೂ, ವ್ರತವನ್ನು ಸ್ವೀಕರಿಸಿದವನೂ ಪ್ರಮಾದದಿಂದ ಪೂರ್ತಿಯಾಗಿ ಪಾರಾಗಿರುವುದಿಲ್ಲ. ಹದಿನಾಲ್ಕು ಗುಣಸ್ಥಾನಗಳಲ್ಲಿ ಆರನೆಯದಕ್ಕೆ ಏರಿದ ಮಹಾವ್ರತಿಯನ್ನೂ ಶಾಸ್ತ್ರವು ಪ್ರಮತ್ತ ವಿರತನೆಂದೇ ಕರೆಯುತ್ತದೆ. ಮುನಿಗಳಿಗೇ ಇಷ್ಟು ಎಚ್ಚರಿಕೆಯನ್ನು ಹೇಳಿರುವಾಗ, ಹತ್ತು ಕೆಲಸಗಳ ನಡುವೆ ಬದುಕುವ ಗೃಹಸ್ಥನು ತನ್ನ ವಶದಲ್ಲಿರುವ ವಸ್ತುಗಳ ಬಗ್ಗೆ ಎಷ್ಟು ಎಚ್ಚರವಾಗಿರಬೇಕೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಜೈನರಿಗೆ ದೋಣಿಯು ದೂರದ ವಸ್ತುವಲ್ಲ. ತೀರ್ಥ ಎಂದರೆ ನೀರನ್ನು ದಾಟುವ ಸ್ಥಳ; ಅಂಥ ಸ್ಥಳವನ್ನು ಕಟ್ಟಿಕೊಟ್ಟವರು ತೀರ್ಥಂಕರರು. ನಮ್ಮ ಆರಾಧ್ಯರ ಹೆಸರಿನಲ್ಲಿಯೇ ಈಚೆಯ ದಡ, ಆಚೆಯ ದಡ, ನಡುವಿನ ಪ್ರವಾಹ ಎಲ್ಲವೂ ಅಡಗಿವೆ. ಗೇರುಸೊಪ್ಪೆಯನ್ನು ಆಳಿದ ಜೈನ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿಯೆಂದು ಕರೆದರು. ಆ ವೈಭವದ ಹಿಂದೆ ಶರಾವತಿಯ ದೋಣಿಗಳೂ ಹೊನ್ನಾವರದ ಬಂದರೂ ಇದ್ದವು. ವರಂಗದಲ್ಲಿ ಕೆರೆಯ ನಡುವೆ ನಿಂತಿರುವ ಬಸದಿಗೆ ಇಂದಿಗೂ ದೋಣಿಯಲ್ಲಿಯೇ ಹೋಗಬೇಕು. ಅಲ್ಲಿ ನಾಲ್ಕು ದಿಕ್ಕಿಗೆ ಮುಖಮಾಡಿದ ಜಿನಬಿಂಬಗಳ ದರ್ಶನಕ್ಕೆ ಹೊರಟ ಭಕ್ತನು ಮೊದಲು ತನ್ನ ಭಾರವನ್ನು ಒಂದು ಪುಟ್ಟ ದೋಣಿಗೆ ಒಪ್ಪಿಸುತ್ತಾನೆ. ಹಲಗೆಯ ಮೇಲೆ ಕಾಲಿಟ್ಟ ಕ್ಷಣದಲ್ಲಿ ಅದು ಅಲುಗುತ್ತದೆ. ಆಗ ಶಾಸ್ತ್ರದ ಮಾತು ಅಂಗಾಲಿಗೇ ತಿಳಿಯುತ್ತದೆ.

ಉತ್ತರಾಧ್ಯಯನ ಸೂತ್ರದ ಇಪ್ಪತ್ತಮೂರನೆಯ ಅಧ್ಯಯನದಲ್ಲಿ ಪಾರ್ಶ್ವನಾಥರ ಪರಂಪರೆಯ ಕೇಶಿಶ್ರಮಣರಿಗೂ ಮಹಾವೀರ ಸ್ವಾಮಿಯ ಶಿಷ್ಯರಾದ ಗೌತಮರಿಗೂ ನಡೆದ ಸಂವಾದವಿದೆ. ಮಹಾಪ್ರವಾಹದಲ್ಲಿ ದೋಣಿ ಅತ್ತಿತ್ತ ಓಡುತ್ತಿರುವಾಗ ಆಚೆಯ ದಡವನ್ನು ಸೇರುವುದು ಹೇಗೆಂದು ಕೇಶಿಯವರು ಕೇಳುತ್ತಾರೆ. ನೀರು ಒಳನುಗ್ಗುವ ದೋಣಿ ದಡ ಸೇರಲಾರದು, ನುಗ್ಗದ ದೋಣಿ ಸೇರುತ್ತದೆ ಎಂಬುದು ಗೌತಮರ ಉತ್ತರದ ಸಾರ. ಅಲ್ಲಿ ಶರೀರವೇ ದೋಣಿ, ಜೀವನೇ ನಾವಿಕ, ಸಂಸಾರವೇ ಸಮುದ್ರ. ಪ್ರವಚನಗಳಲ್ಲಿ ಆಸ್ರವ, ಸಂವರ, ನಿರ್ಜರೆಗಳನ್ನು ತಿಳಿಸುವಾಗ ಈ ಹೋಲಿಕೆಯನ್ನೇ ಬೆಳೆಸಿ ಹೇಳುವ ರೂಢಿಯಿದೆ. ತೂತಿನಿಂದ ನೀರು ಒಳಬರುವುದು ಆಸ್ರವ, ತೂತನ್ನು ಮುಚ್ಚುವುದು ಸಂವರ, ಒಳಸೇರಿದ ನೀರನ್ನು ಮೊಗೆದು ಚೆಲ್ಲುವುದು ನಿರ್ಜರೆ.

ಹೋಲಿಕೆ ಎಲ್ಲರಿಗೂ ಗೊತ್ತು. ಆದರೆ ದೋಣಿಗೆ ನೀರು ತಳದಿಂದ ಮಾತ್ರ ಬರುವುದಿಲ್ಲ ಎಂಬುದನ್ನು ನಾವು ಗಮನಿಸಿರುವುದು ಕಡಿಮೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಸರಾಸರಿ 3500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಆಷಾಢದ ಒಂದು ದಿನದಲ್ಲಿ 100 ಮಿಲಿಮೀಟರ್ ಸುರಿಯುವುದು ಅಲ್ಲಿ ಅಚ್ಚರಿಯ ಸಂಗತಿಯಲ್ಲ. ಎಂಟು ಮೀಟರ್ ಉದ್ದ, ಸರಾಸರಿ ಒಂದೂಕಾಲು ಮೀಟರ್ ಅಗಲದ ತೆರೆದ ದೋಣಿಯ ಬಾಯಿ ಸುಮಾರು ಹತ್ತು ಚದರ ಮೀಟರ್ ಆಗುತ್ತದೆ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಈ ಲೆಕ್ಕದಲ್ಲಿ ಆ ಒಂದೇ ದಿನ ದೋಣಿಯೊಳಗೆ ಸೇರುವ ನೀರು ಸಾವಿರ ಲೀಟರ್, ಎಂದರೆ ಒಂದು ಟನ್ ಭಾರ. ತಳದಲ್ಲಿ ಸೂಜಿಮೊನೆಯಷ್ಟು ತೂತಿಲ್ಲದಿದ್ದರೂ, ಕಟ್ಟಿದ ಹಗ್ಗ ಕಟ್ಟಿದಂತೆಯೇ ಇದ್ದರೂ, ನೀರನ್ನು ಹೊರಹಾಕುವವರಿಲ್ಲದೆ ಅಂಥ ಮಳೆ ನಾಲ್ಕು ದಿನ ಹಿಡಿದರೆ ದೋಣಿ ಗೂಟದ ಬುಡದಲ್ಲಿಯೇ ಮುಳುಗಬಹುದು. ತನ್ನಲ್ಲಿ ದೋಷವಿಲ್ಲವೆಂದು ನಂಬಿ ನಿಶ್ಚಿಂತನಾದ ಮನುಷ್ಯನ ಗತಿಯೂ ಇದೇ. ದೊಡ್ಡ ಪಾಪವೊಂದನ್ನೂ ಮಾಡದೆ, ಬದುಕಿನ ಮೇಲೆ ಸುಮ್ಮನೆ ಸುರಿಯುವುದನ್ನೆಲ್ಲ ತುಂಬಿಸಿಕೊಂಡೇ ಅವನು ಭಾರವಾಗುತ್ತಾನೆ.

ದೋಣಿಯನ್ನು ಕಾಡುವ ಹವಾಮಾನಕ್ಕೆ ಎರಡು ಮುಖಗಳಿವೆ. ಬಿಸಿಲು ಹಲಗೆಯ ತೇವವನ್ನು ಹೀರಿ ಅದನ್ನು ಕುಗ್ಗಿಸುತ್ತದೆ; ಹಲಗೆಗಳ ನಡುವೆ ಹತ್ತಿ, ರಾಳ ತುಂಬಿ ಬಿಗಿಮಾಡಿದ ಸಂದುಗಳು ಬಿಟ್ಟುಕೊಳ್ಳುತ್ತವೆ. ಮಳೆ ಹಲಗೆಯನ್ನು ಉಬ್ಬಿಸಿ ಮೆತ್ತಗಾಗಿಸುತ್ತದೆ. ಇಲ್ಲಿ ಒಂದು ವಿಚಿತ್ರವಿದೆ. ಮರವನ್ನು ಕೊಳೆಸುವ ಶಿಲೀಂಧ್ರಕ್ಕೆ ಕಡಲಿನ ಉಪ್ಪು ಒಗ್ಗುವುದಿಲ್ಲ; ಅದು ಹುಲುಸಾಗಿ ಬೆಳೆಯುವುದು ಮಳೆಯ ಸಿಹಿನೀರು ನಿಂತ ಮೂಲೆಗಳಲ್ಲಿ. ಬಾಯಿಗಿಡಲಾಗದ ಉಪ್ಪುನೀರು ಮರವನ್ನು ಕೊಳೆಯದಂತೆ ಕಾಯುತ್ತದೆ, ಕುಡಿಯಲು ಹಿತವಾದ ಸಿಹಿನೀರು ಅದನ್ನು ಕೊಳೆಸುತ್ತದೆ. ಜೀವನನ್ನು ಕಟ್ಟುವ ರಾಗದ್ವೇಷಗಳ ಸ್ವಭಾವವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರುವ ದೃಷ್ಟಾಂತ ದೊರೆಯುವುದು ಕಷ್ಟ. ದ್ವೇಷವು ಬಿಸಿಲಿನಂತೆ ಸುಟ್ಟು ಸಂಬಂಧಗಳ ಸಂದುಗಳನ್ನು ಬಿಡಿಸುತ್ತದೆ. ಅದರ ಉರಿ ನಮಗೆ ತಿಳಿಯುವುದರಿಂದ ಎಚ್ಚರವೂ ಬೇಗ ಬರುತ್ತದೆ. ರಾಗವಾದರೋ ತಂಪಾಗಿ ಇಳಿದು ಮೂಲೆಯಲ್ಲಿ ನಿಲ್ಲುತ್ತದೆ. ಕಷ್ಟದ ಕಾಲದಲ್ಲಿ ಗಟ್ಟಿಯಾಗಿ ಉಳಿದ ಎಷ್ಟೋ ಮನೆತನಗಳು ಸುಖದ ಕಾಲದಲ್ಲಿ ಒಳಗಿನಿಂದ ಕೊಳೆತುದನ್ನು ನಾವು ಕಂಡಿದ್ದೇವೆ.

ದೋಣಿಯ ಒಡೆಯರು ಈ ವಿಷಯವನ್ನು ಅರಿಯದವರಲ್ಲ. ದೋಣಿಯನ್ನು ನೆಲಕ್ಕೆ ತಾಗದಂತೆ ದಿಮ್ಮಿಗಳ ಮೇಲೆ ಏರಿಸುವುದು, ಚಿಕ್ಕದಾದರೆ ಬೋರಲು ಹಾಕುವುದು, ಹೆಣೆದ ಮಡಲಿನಿಂದಲೋ ಟಾರ್ಪಾಲಿನಿಂದಲೋ ಹೊದಿಸುವುದು, ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಹಲಗೆಗೆ ಬಳಿಯುವುದು, ಬಿಟ್ಟ ಸಂದುಗಳನ್ನು ಮತ್ತೆ ತುಂಬುವುದು ಎಲ್ಲವೂ ತಲೆಮಾರುಗಳಿಂದ ಬಂದ ವಿದ್ಯೆ. ಫೈಬರ್ ದೋಣಿಗೆ ಇದಾವುದೂ ಬೇಡವೆಂಬ ಭ್ರಮೆ ಈಚಿನದು. ಫೈಬರಿನ ಮೇಲ್ಪದರವೂ ಬಿಸಿಲಿಗೆ ಮಾಸಿ ಸವೆಯುತ್ತದೆ, ಅದರ ಯಂತ್ರವೂ ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತದೆ. ಕೊರತೆಯಿರುವುದು ತಿಳಿವಳಿಕೆಯದಲ್ಲ. ನಾಳೆ ಮಾಡೋಣ, ಹೋದ ವರ್ಷ ಏನೂ ಆಗಲಿಲ್ಲವಲ್ಲ, ಇನ್ನೊಂದು ಮಳೆಗಾಲ ತಡೆದೀತು ಎಂಬ ಮೂರು ಮಾತುಗಳು ಎಲ್ಲ ತಿಳಿವಳಿಕೆಯನ್ನೂ ಸೋಲಿಸುತ್ತವೆ. ಬಾಯಾರಿದಾಗ ಬಾವಿ ತೋಡುವವರ ಸಾಲಿಗೆ, ಹಲಗೆ ಒಡೆದಾಗ ಹೊದಿಕೆ ಹುಡುಕುವವರೂ ಸೇರುತ್ತಾರೆ.

ಶ್ವೇತಾಂಬರ ಪರಂಪರೆಯ ಜ್ಞಾತೃಧರ್ಮಕಥಾ ಎಂಬ ಆಗಮದಲ್ಲಿ ಚಂಪಾನಗರದ ವರ್ತಕ ಮಾಕಂದಿಯ ಇಬ್ಬರು ಮಕ್ಕಳ ಕಥೆಯಿದೆ. ಜಿನಪಾಲಿತ, ಜಿನರಕ್ಷಿತ ಎಂಬ ಈ ಸಹೋದರರು ಹನ್ನೊಂದು ಬಾರಿ ಸಮುದ್ರಯಾನ ಮಾಡಿ ಕ್ಷೇಮವಾಗಿ ಹಿಂದಿರುಗಿದ್ದರು. ಬೇಕಾದಷ್ಟು ಸಂಪತ್ತಿದೆ, ಇನ್ನು ಸಾಕೆಂದು ತಂದೆತಾಯಿಗಳು ತಡೆದರೂ ಕೇಳದೆ ಹನ್ನೆರಡನೆಯ ಯಾನಕ್ಕೆ ಹೊರಟರು. ಹಡಗು ಬಿರುಗಾಳಿಗೆ ಸಿಕ್ಕಿ ಒಡೆಯಿತು. ಕಥೆ ಮುಂದೆ ವಿಷಯಾಸಕ್ತಿಯ ಕಡೆಗೆ ತಿರುಗುತ್ತದೆಯಾದರೂ ಅದರ ಆರಂಭವೇ ನಮಗೊಂದು ಪಾಠ. ಹನ್ನೊಂದು ಯಾನಗಳು ಸುಗಮವಾಗಿದ್ದವೆಂಬುದು ಹನ್ನೆರಡನೆಯದಕ್ಕೆ ಯಾವ ಭರವಸೆಯನ್ನೂ ಕೊಡುವುದಿಲ್ಲ. ಹಿಂದಿನ ಪುಣ್ಯದ ಫಲವನ್ನು ತನ್ನ ಜಾಣ್ಮೆಯೆಂದು ತಿಳಿಯುವುದೇ ಪ್ರಮಾದದ ಮೊದಲ ಮೆಟ್ಟಿಲು.

ದೋಣಿ ತನ್ನದು, ಅದು ಕೊಳೆತರೆ ನಷ್ಟವೂ ತನ್ನದೇ, ಇದರಲ್ಲಿ ಧರ್ಮದ ಪ್ರಶ್ನೆ ಎಲ್ಲಿಂದ ಬಂತು ಎಂದು ಒಬ್ಬ ಒಡೆಯನು ಕೇಳಬಹುದು. ದೋಣಿಯು ಒಬ್ಬನೇ ಕುಳಿತುಕೊಳ್ಳುವ ಆಸನವಲ್ಲ ಎಂಬುದೇ ಇದಕ್ಕೆ ಉತ್ತರ. ಮಂಗಳೂರಿನ ಬಂದರಿನಿಂದ ಕಸಬಾ ಬೆಂಗ್ರೆಗೆ ನಿತ್ಯವೂ ಜನ ದೋಣಿಯಲ್ಲಿ ದಾಟುತ್ತಾರೆ. ನಾಡಿನ ಹಿನ್ನೀರು, ನದಿ, ಕುದ್ರುಗಳಲ್ಲಿ ಶಾಲೆಯ ಮಕ್ಕಳೂ ಸಂತೆಗೆ ಹೊರಟ ತಾಯಂದಿರೂ ದೋಣಿಯನ್ನೇ ನಂಬಿದ ಊರುಗಳು ಇನ್ನೂ ಇವೆ. ಅವರಲ್ಲಿ ಯಾರೂ ಹತ್ತುವ ಮೊದಲು ಹಲಗೆಯನ್ನು ತಟ್ಟಿ ನೋಡುವುದಿಲ್ಲ. ಒಡೆಯನು ನೋಡಿರುತ್ತಾನೆಂಬ ವಿಶ್ವಾಸದಿಂದ ಕಾಲಿಡುತ್ತಾರೆ. ಆ ವಿಶ್ವಾಸವನ್ನು ಹಣ ಪಡೆದು ಹತ್ತಿಸಿಕೊಂಡು, ಹಲಗೆಯನ್ನು ಮಾತ್ರ ನೋಡದೆ ಬಿಟ್ಟವನು ಏನನ್ನು ಮಾಡಿದಂತಾಯಿತು?

ಜೈನಶಾಸ್ತ್ರದ ತೀರ್ಪು ಇಲ್ಲಿ ಬಹಳ ಕಟುವಾಗಿದೆ. ಪ್ರಮಾದಯುಕ್ತವಾದ ಪ್ರವೃತ್ತಿಯಿಂದ ಪ್ರಾಣಕ್ಕೆ ಹಾನಿ ಮಾಡುವುದೇ ಹಿಂಸೆಯೆಂದು ತತ್ತ್ವಾರ್ಥಸೂತ್ರವು ನಿರ್ವಚಿಸುತ್ತದೆ. ಕುಂದಕುಂದಾಚಾರ್ಯರು ಪ್ರವಚನಸಾರದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಜೀವಿ ಸಾಯಲಿ ಸಾಯದಿರಲಿ, ಎಚ್ಚರವಿಲ್ಲದೆ ನಡೆಯುವವನಿಗೆ ಹಿಂಸೆಯ ದೋಷ ನಿಶ್ಚಿತ. ಎಚ್ಚರದಿಂದ ನಡೆಯುವವನಿಗೆ ಕೇವಲ ಹೊರಗಿನ ಘಟನೆಯಿಂದ ಬಂಧವಿಲ್ಲ ಎಂಬುದು ಅವರ ಅಭಿಪ್ರಾಯ. ಇದನ್ನು ಕಡವಿಗೆ ತಂದು ನೋಡೋಣ. ಕೊಳೆತ ಹಲಗೆಯ ದೋಣಿ ಇಂದು ಇಪ್ಪತ್ತು ಜನರನ್ನು ಸುಖವಾಗಿ ದಾಟಿಸಿತು. ಯಾರಿಗೂ ಏನೂ ಆಗಲಿಲ್ಲ, ಪತ್ರಿಕೆಯಲ್ಲಿ ಸುದ್ದಿಯಿಲ್ಲ, ಪೊಲೀಸರ ದಾಖಲೆಯಿಲ್ಲ. ಆದರೂ ಒಡೆಯನ ಲೆಕ್ಕದಲ್ಲಿ ಹಿಂಸೆ ಬರೆಯಲ್ಪಟ್ಟಿತು. ಒಳನಾಡು ಜಲಯಾನಗಳಿಗಾಗಿ ದೇಶದಲ್ಲಿ 2021ರ ಕಾಯ್ದೆಯಿದೆ. ನೋಂದಣಿ, ತಪಾಸಣೆಗಳ ನಿಯಮಗಳಿವೆ. ಅವು ಬೇಕೇ ಬೇಕು. ಆದರೆ ತಪಾಸಣೆಯ ಅಧಿಕಾರಿ ನಿಗದಿಯಾದ ದಿನ ಬರುತ್ತಾನೆ, ಮಳೆ ಯಾವ ದಿನವನ್ನೂ ಕೇಳಿ ಬರುವುದಿಲ್ಲ. ಆ ನಡುವಿನ ದಿನಗಳನ್ನೆಲ್ಲ ಕಾಯಬೇಕಾದುದು ಒಡೆಯನ ಅಂತಃಸಾಕ್ಷಿಯೇ.

ಹಿಂಸೆ ಮನುಷ್ಯರಿಗೆ ಮಾತ್ರ ಸಂಬಂಧಿಸಿದ್ದಲ್ಲ. ಬೆಳೆದು ನಿಂತ ಹೆಬ್ಬಲಸೋ ಮಾವೋ ಉರುಳಿದ ಮೇಲೆಯೇ ಮರದ ದೋಣಿಯೊಂದು ಹುಟ್ಟುತ್ತದೆ. ವನಸ್ಪತಿಯೂ ಏಕೇಂದ್ರಿಯ ಜೀವವೆಂದು ನಂಬುವವರಿಗೆ ಆ ಮರದ ಬಲಿ ಸಣ್ಣದಲ್ಲ. ಸಂಸಾರ ನಡೆಯಬೇಕಾದರೆ ಒಂದಷ್ಟು ಆರಂಭಹಿಂಸೆ ಅನಿವಾರ್ಯವೆಂದು ಗೃಹಸ್ಥನಿಗೆ ಶಾಸ್ತ್ರ ರಿಯಾಯಿತಿ ಕೊಟ್ಟಿದೆ, ನಿಜ. ಆದರೆ ಚೆನ್ನಾಗಿ ಕಾದರೆ ದಶಕಗಳ ಕಾಲ ಬಾಳಬೇಕಾದ ದೋಣಿಯನ್ನು ಕೆಲವೇ ವರ್ಷಗಳಲ್ಲಿ ಕೊಳೆಯಬಿಟ್ಟು ಮತ್ತೊಂದು ಮರವನ್ನು ಕಡಿಸುವುದು ಅನಿವಾರ್ಯವಾದ ಹಿಂಸೆಯಲ್ಲ. ಇತ್ತ ದೋಣಿಯ ತಳದಲ್ಲಿ ನಿಂತ ನೀರಿನಲ್ಲಿ ಸೊಳ್ಳೆಯ ಮರಿಗಳು ತುಂಬುತ್ತವೆ, ಕೊಳೆತ ಹಲಗೆಯಲ್ಲಿ ಹುಳುಗಳು, ನೆಲಕ್ಕೆ ತಾಗಿದ ಕಡೆ ಗೆದ್ದಲು. ಆಮೇಲೆ ಒಡೆಯನು ಎಚ್ಚೆತ್ತು ಔಷಧ ಸಿಂಪಡಿಸಿ, ಬೆಂಕಿಯಿಟ್ಟು ಅವುಗಳನ್ನೆಲ್ಲ ಕೊಲ್ಲುತ್ತಾನೆ. ಮೊದಲೇ ಒಂದು ಹೊದಿಕೆ ಹಾಸಿದ್ದರೆ ಆ ಜೀವಿಗಳು ಅಲ್ಲಿ ಹುಟ್ಟುತ್ತಲೇ ಇರಲಿಲ್ಲ, ಕೊಲ್ಲುವ ಪ್ರಸಂಗವೂ ಬರುತ್ತಿರಲಿಲ್ಲ. ನೀರನ್ನು ಸೋಸಿ ಕುಡಿಯಿರಿ, ಕತ್ತಲಾಗುವ ಮೊದಲೇ ಊಟ ಮುಗಿಸಿರಿ ಎಂದು ಹಿರಿಯರು ಹೇಳಿದುದರ ಹಿಂದೆ ಇರುವುದೂ ಇದೇ ಮುಂದಾಲೋಚನೆ. ಅಹಿಂಸೆಯ ಬಹುಪಾಲು ಕೆಲಸವು ಹಿಂಸೆಯ ಸಂದರ್ಭ ಬರುವುದಕ್ಕೆ ಮೊದಲೇ ಮುಗಿದಿರಬೇಕು. ವಸ್ತುವನ್ನು ತೆಗೆದುಕೊಳ್ಳುವಾಗಲೂ ಇಡುವಾಗಲೂ ನೋಡಿ, ಒರಸಿ ಇಡಬೇಕೆಂಬ ಆದಾನನಿಕ್ಷೇಪಣ ಸಮಿತಿಯು ಮುನಿಗಳಿಗೆ ಹೇಳಿದ ಆಚಾರ. ಗೃಹಸ್ಥನು ಅದರ ಒಂದು ಅಂಶವನ್ನಾದರೂ ಪಾಲಿಸಿದರೆ ದೋಣಿಯನ್ನು ದಡದಲ್ಲಿ ಇಡುವ ರೀತಿಯೇ ಬದಲಾದೀತು.

ಇಲ್ಲಿ ಇನ್ನೊಂದು ಆಕ್ಷೇಪ ಬರಬಹುದು. ಅಪರಿಗ್ರಹವನ್ನು ಬೋಧಿಸುವ ಧರ್ಮವು ದೋಣಿಯ ಮೇಲೆ ಇಷ್ಟು ಆಸ್ಥೆ ಇಡು ಎನ್ನುವುದು ಮೋಹವನ್ನು ಬೆಳೆಸಿದಂತಾಗದೆ? ಪರಿಗ್ರಹವೆಂದರೆ ಮೂರ್ಛೆ, ಎಂದರೆ ವಸ್ತುವಿನ ಮೇಲಿನ ಮಮಕಾರ. ಹೊದಿಕೆಯಿಲ್ಲದೆ ನಾಲ್ಕು ದೋಣಿಗಳನ್ನು ದಡದಲ್ಲಿ ಬಿಟ್ಟವನಿಗೆ ಆ ದೋಣಿಗಳ ಮೇಲೆ ಮಮಕಾರವಿಲ್ಲವೆಂದು ತಿಳಿಯಬೇಕಾಗಿಲ್ಲ. ಅವುಗಳಲ್ಲಿ ಒಂದನ್ನು ನೆರೆಯವನು ಕೇಳಿದರೆ ಅವನು ಕೊಡುವುದಿಲ್ಲ. ತಾನೂ ಬಳಸದೆ, ಪರರಿಗೂ ಕೊಡದೆ, ಕಾಯದೆ, ಕೊಳೆಯಬಿಟ್ಟು ನನ್ನದು ಎನ್ನುವುದು ಮೂರ್ಛೆಯ ಅತ್ಯಂತ ಬಡವಾದ ರೂಪ. ಗೃಹಸ್ಥನಿಗೆ ವಿಧಿಸಿದ್ದು ಪರಿಗ್ರಹಪರಿಮಾಣ ವ್ರತ. ಎಷ್ಟು ಬೇಕೋ ಅಷ್ಟಕ್ಕೆ ಗೆರೆ ಎಳೆದುಕೊಳ್ಳುವುದು ಅದರ ಅರ್ಥ. ಆ ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದಕ್ಕೆ ಒಂದು ಸರಳ ಅಳತೆಯನ್ನು ಸೂಚಿಸಬಹುದು. ಮಳೆಗಾಲದಲ್ಲಿ ಎಷ್ಟನ್ನು ಹೊದಿಸಿ ಕಾಯಲು ನಿನ್ನ ಕೈಯಲ್ಲಿ ಆದೀತೋ ಅಷ್ಟೇ ನಿನ್ನದಾಗಿರಲಿ; ಉಳಿದದ್ದು ಬಳಸಬಲ್ಲವರ ಪಾಲಾಗಲಿ. ದೋಣಿಗೆ ಮಾತ್ರವಲ್ಲ, ಮನೆ, ತೋಟ, ವಾಹನ, ಬೀಗ ಹಾಕಿಟ್ಟ ನಿವೇಶನಗಳಿಗೂ ಈ ಅಳತೆ ಹೊಂದುತ್ತದೆ.

ಮುನಿಗಳು ಬಿಸಿಲು ಮಳೆಗಳಿಗೆ ಮೈಯೊಡ್ಡಿ ನಿಲ್ಲುತ್ತಾರಲ್ಲ, ಶೀತ ಉಷ್ಣಗಳೂ ಅವರು ಗೆಲ್ಲಬೇಕಾದ ಇಪ್ಪತ್ತೆರಡು ಪರೀಷಹಗಳಲ್ಲಿ ಸೇರಿವೆಯಲ್ಲ, ಹಾಗಾದರೆ ಹೊದಿಕೆಯ ಮಾತೇಕೆ ಎಂಬ ಪ್ರಶ್ನೆಯೂ ಸಹಜ. ತತ್ತ್ವಾರ್ಥಸೂತ್ರವು ಸಂವರದ ಸಾಧನಗಳನ್ನು ಹೇಳುವಾಗ ಪರೀಷಹಜಯಕ್ಕಿಂತ ಬಹಳ ಮೊದಲು, ಎಲ್ಲಕ್ಕೂ ಮೊದಲು, ಗುಪ್ತಿಯನ್ನು ಹೇಳುತ್ತದೆ. ಗುಪ್ತಿಯೆಂದರೆ ರಕ್ಷಣೆ, ಕಾಪು. ಮನಸ್ಸು, ಮಾತು, ಕಾಯ ಎಂಬ ಮೂರಕ್ಕೂ ಕಾಪು ಹಾಕಿಕೊಂಡವರು ಮುನಿಗಳು. ದಿಗಂಬರ ಮುನಿಯ ಮೈಮೇಲೆ ನೂಲಿನೆಳೆಯೂ ಇಲ್ಲದಿರಬಹುದು, ಆದರೆ ಅವರಷ್ಟು ಚೆನ್ನಾಗಿ ಹೊದಿಸಲ್ಪಟ್ಟ ದೋಣಿ ಲೋಕದಲ್ಲಿ ಇನ್ನೊಂದಿಲ್ಲ. ನಾವಾದರೋ ಮೈಗೆ ಬೆಲೆಬಾಳುವ ವಸ್ತ್ರ ಹೊದ್ದು ಮನಸ್ಸನ್ನು ಬಯಲಿನಲ್ಲಿ ಬಿಟ್ಟಿದ್ದೇವೆ. ಹೊದಿಕೆಯ ವಿಷಯದಲ್ಲಿ ಅಂಬಿಗರು ತಿಳಿದಿರುವ ಒಂದು ಸೂಕ್ಷ್ಮವನ್ನೂ ಇಲ್ಲಿ ನೆನೆಯಬೇಕು. ಗಾಳಿಯಾಡದಂತೆ ಬಿಗಿದು ಕಟ್ಟಿದ ಟಾರ್ಪಾಲಿನ ಕೆಳಗೆ ತೇವ ಸಿಕ್ಕಿಕೊಂಡು ಹಲಗೆ ಇನ್ನೂ ಬೇಗ ಕೊಳೆಯುತ್ತದೆ. ಒಳಗಿನ ನೀರನ್ನು ಒರಸದೆ ಮೇಲೆ ಮಾತ್ರ ಮುಚ್ಚುವುದರಿಂದ ಪ್ರಯೋಜನವಿಲ್ಲ. ಹೊರಗೆ ವ್ರತದ ಆಡಂಬರ, ಒಳಗೆ ಆರದ ಕಷಾಯ ಇರುವವನ ಸ್ಥಿತಿ ಅಂಥದು.

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. ಜಲಚರಗಳಿಗೆ ಅಷ್ಟರ ಮಟ್ಟಿಗಾದರೂ ಅಭಯ ದೊರೆಯುವ ಕಾಲವದು. ದೋಣಿಗಳು ದಕ್ಕೆಗೆ ಬಂದು ನಿಲ್ಲುವ ಆ ದಿನಗಳಿಗೆ ಹೊಂದಿಕೊಂಡಂತೆಯೇ ಆಷಾಢದಲ್ಲಿ ಮುನಿಸಂಘಗಳು ವಿಹಾರ ನಿಲ್ಲಿಸಿ ಒಂದೆಡೆ ನೆಲೆಯಾಗಿ ಚಾತುರ್ಮಾಸವನ್ನು ಆಚರಿಸುತ್ತವೆ. ಮಳೆಯಲ್ಲಿ ಹುಟ್ಟುವ ಅಸಂಖ್ಯ ಜೀವಿಗಳು ಕಾಲಿಗೆ ಸಿಕ್ಕಬಾರದೆಂಬುದು ಅದರ ಮೂಲ ಉದ್ದೇಶ. ನಿಂತ ಕಾಲವು ಸುಮ್ಮನಿರುವ ಕಾಲವಲ್ಲ. ಸ್ವಾಧ್ಯಾಯ, ಧ್ಯಾನ, ಪ್ರವಚನಗಳು ಗಟ್ಟಿಯಾಗುವುದು ಆಗಲೇ. ಭಾದ್ರಪದದ ದಶಲಕ್ಷಣ ಪರ್ವ ಬರುವುದೂ, ಕ್ಷಮಾವಾಣಿಯಲ್ಲಿ ಒಬ್ಬರನ್ನೊಬ್ಬರು ಕ್ಷಮೆ ಕೇಳುವುದೂ ಆ ನಾಲ್ಕು ತಿಂಗಳಲ್ಲಿಯೇ. ಜಾಣನಾದ ಒಡೆಯನಿಗೂ ದೋಣಿ ನಿಂತ ಕಾಲವೇ ದುರಸ್ತಿಯ ಕಾಲ. ನೀರಿನಲ್ಲಿ ಓಡುತ್ತಿರುವಾಗ ತಳದ ಹಲಗೆಯನ್ನು ಬದಲಿಸಲಾಗದು. ನಮ್ಮ ಬದುಕಿನಲ್ಲಿಯೂ ಬಿಡುವು, ನಿವೃತ್ತಿ, ಆರೋಗ್ಯದ ನಾಲ್ಕು ವರ್ಷ ದೊರೆತಾಗ ಅದನ್ನು ವಿಕಥೆಗಳಲ್ಲಿ ಕಳೆಯುವವರೇ ಹೆಚ್ಚು. ಶಾಸ್ತ್ರವು ಹದಿನೈದು ಪ್ರಮಾದಗಳಲ್ಲಿ ನಾಲ್ಕನ್ನು ವಿಕಥೆಗೇ ಮೀಸಲಿಟ್ಟಿರುವುದು ಕಾರಣವಿಲ್ಲದೆ ಅಲ್ಲ.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಧೋರಣೆ ಲೋಕದಲ್ಲಿ ಹೊಸದಲ್ಲ. ಆದರೆ ಸಂಸಾರಸಾಗರವನ್ನು ನಾವಿನ್ನೂ ದಾಟಿಲ್ಲ. ಪಡೆಯಲು ದುರ್ಲಭವೆಂದು ಶಾಸ್ತ್ರಗಳೆಲ್ಲ ಸಾರುವ ಮನುಷ್ಯಭವವೆಂಬ ದೋಣಿ ಸದ್ಯಕ್ಕೆ ನಮ್ಮ ವಶದಲ್ಲಿದೆ. ಅದನ್ನು ಕಾಯುವ ಕ್ರಮವೂ ಹೊಸದಾಗಿ ಕಂಡುಹಿಡಿಯಬೇಕಾದುದಲ್ಲ. ಬೆಳಗ್ಗೆ ಸಂಜೆ ಪ್ರತಿಕ್ರಮಣದಲ್ಲಿ ಒಳಸೇರಿದ ನೀರನ್ನು ನೋಡಿ ಹೊರಚೆಲ್ಲುವುದು, ಸಾಮಾಯಿಕದಲ್ಲಿ ಹಲಗೆಯನ್ನು ಒಣಗಲು ಬಿಡುವುದು, ಅಣುವ್ರತಗಳಿಂದ ಸಂದುಗಳನ್ನು ಬಿಗಿಯುವುದು, ಗುಪ್ತಿಯ ಹೊದಿಕೆಯನ್ನು ಹಾಸುವುದು, ಇಷ್ಟೇ. ಕಡಲಿನ ಬದಿಯ ನಮ್ಮ ಬಂಧುಗಳು ಈ ವಾರ ಮೋಡ ಕವಿಯುವ ಮೊದಲು ತಮ್ಮ ದೋಣಿಯ ಬಳಿಗೆ ಹೋಗಿ ಹಲಗೆಯನ್ನೊಮ್ಮೆ ತಟ್ಟಿ ನೋಡಲಿ. ನಾಳೆ ಅದನ್ನು ಹತ್ತಲಿರುವ ಮಗುವಿಗೆ ಅದೇ ಅಭಯದಾನ. ಕಡಲಿನಿಂದ ದೂರವಿರುವ ನಾವೆಲ್ಲರೂ ಇಂದು ರಾತ್ರಿ ಮಲಗುವ ಮುನ್ನ ನಮ್ಮ ನಮ್ಮ ಹಲಗೆಗಳನ್ನು ತಟ್ಟಿ ನೋಡೋಣ. ಮೆತ್ತಗಾದ ಸದ್ದು ಎಲ್ಲಿ ಕೇಳುತ್ತದೆಯೋ ಅಲ್ಲಿಂದಲೇ ಕೆಲಸ ಆರಂಭವಾಗಲಿ.